ಎರಡನೇ ರಿವ್ಯೂವರ್

"ಏನೂ ಹೇಳದೆ ಸುಮ್ಮನಿದ್ದ ಕಂಪನಿಗಳು ಎಲ್ಲಿ ಹೋದವು, ಮೇಡಂ?"

ಹಿಂದಿನ ಸಾಲಿನಿಂದ ಬಂದ ಪ್ರಶ್ನೆಗೆ ಇಡೀ ಸೆಮಿನಾರ್ ಹಾಲ್ ತಿರುಗಿ ನೋಡಿತು. ಪರದೆಯ ಮುಂದೆ ನಿಂತಿದ್ದ ಅವಳು ಪಾಯಿಂಟರ್ ಆರಿಸಿದಳು.

ಅವಳು ಅಕೌಂಟಿಂಗ್ ವಿಭಾಗದ ಹೊಸ ಪ್ರಾಧ್ಯಾಪಕಿ. ಒಳ್ಳೆಯ ಜರ್ನಲ್‌ನಲ್ಲಿ ಲೇಖನ ಬರುವವರೆಗೆ ಕೆಲಸ ಕಾಯಂ ಆಗುವಂತಿರಲಿಲ್ಲ. ಮೂರು ವರ್ಷದಿಂದ ಒಂದೇ ವಿಷಯದ ಬೆನ್ನು ಹತ್ತಿದ್ದಳು. ಲಾಭ ಪ್ರಕಟಿಸುವ ಮೊದಲು ಕೆಲವು ಕಂಪನಿಗಳು ತಾವೇ 'ಈ ಸಲ ಅಷ್ಟೇನೂ ಬರಲ್ಲ' ಎಂದು ಹೇಳಿಬಿಡುತ್ತವೆ. ಜನರ ನಿರೀಕ್ಷೆ ಇಳಿಯುತ್ತದೆ. ಆಮೇಲೆ ಒಂಚೂರು ಜಾಸ್ತಿ ತೋರಿಸಿ ಭೇಷ್ ಅನ್ನಿಸಿಕೊಳ್ಳುತ್ತವೆ. ಅಂಥ ನಾನೂರ ಹನ್ನೆರಡು ಕಂಪನಿಗಳನ್ನು ಹಿಡಿದು ತಂದಿದ್ದಳು. ಮೊದಲೇ ಏನೂ ಹೇಳದವುಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದಳು.

"ಹೇಳದೇ ಇದ್ದವರನ್ನ ಅಳೆಯೋದು ಹೇಗೆ ಸರ್?" ಸಿಡುಕಿದಳು.

"ಕಷ್ಟಾನೇ. ಆದ್ರೆ ಬಿಟ್ಟುಬಿಟ್ರೆ ತಪ್ಪಾಗುತ್ತೆ," ಎಂದ ಅವನು, ಮೆಲ್ಲಗೆ.

ಏನು ಜಂಭ ಈ ಮನುಷ್ಯನಿಗೆ... ಸ್ಟ್ಯಾಟಿಸ್ಟಿಕ್ಸ್ ವಿಭಾಗದವನಂತೆ. ಇವನಿಗೆ ಇಲ್ಲೇನು ಕೆಲಸ?

ಮರುದಿನ ಅವನೇ ಅವಳ ಕೋಣೆಗೆ ಬಂದ. ಎಲ್ಲರ ಮುಂದೆ ಕೇಳಬಾರದಿತ್ತು ಎಂದು ತಪ್ಪೊಪ್ಪಿಕೊಂಡ. ಆ ಕಂಪನಿಗಳನ್ನೂ ಅಳೆಯುವ ದಾರಿಯೊಂದನ್ನು ಆರು ಹಾಳೆಯಲ್ಲಿ ಬರೆದು ತಂದಿದ್ದ. ಬೈಯಲು ಸಿದ್ಧಳಾಗಿದ್ದವಳು ಕುರ್ಚಿ ತೋರಿಸಿದಳು.

ಆಮೇಲೆ ಶನಿವಾರಗಳೆಲ್ಲ ಅವನ ಮನೆಯ ಊಟದ ಮೇಜಿನ ಮುಂದೆ ಲೇಖನದ ಕೆಲಸದಲ್ಲೇ ಕಳೆದವು. ಅವನ ಅಮ್ಮ ಅವಳನ್ನು 'ಲೆಕ್ಕದ ಹುಡುಗಿ' ಎಂದು ಕರೆಯುತ್ತಿದ್ದರು. ಕಾಗದಗಳನ್ನು ಪಕ್ಕಕ್ಕೆ ಸರಿಸಿ ತಟ್ಟೆ ಇಡುತ್ತಿದ್ದರು. ಪ್ರೀತಿ ಎಂಬ ಮಾತನ್ನು ಮಾತ್ರ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಇಬ್ಬರ ನಡುವೆ ಒಂದೇ ಜಗಳ. ಬಿಟ್ಟ ಕಂಪನಿಗಳನ್ನು ಸೇರಿಸಲು ಲೇಖನಕ್ಕೆ ಇನ್ನೊಂದು ವರ್ಷ ಬೇಕು ಎಂದು ಅವನು. ಅಷ್ಟು ಕಾದರೆ ಕೆಲಸವೇ ಹೋಗುತ್ತದೆ ಎಂದು ಅವಳು. ಕೊನೆಗೆ ಹಟ ಹಿಡಿದು ಇದ್ದದ್ದನ್ನೇ ಜರ್ನಲ್‌ಗೆ ಕಳಿಸಿದಳು.

ಜರ್ನಲ್‌ನವರು ಲೇಖನವನ್ನು ಹೆಸರು ಅಳಿಸಿ ಇಬ್ಬರು ತಜ್ಞರಿಗೆ ಓದಲು ಕೊಡುತ್ತಾರೆ. ಓದಿದವರು ಯಾರೆಂದು ಬರೆದವರಿಗೆ ಎಂದೂ ಹೇಳುವುದಿಲ್ಲ. ಐದು ತಿಂಗಳಿಗೆ ಉತ್ತರ ಬಂತು... ತಿರಸ್ಕಾರ. ಮೊದಲನೇ ರಿವ್ಯೂವರ್ ಮೆಚ್ಚಿದ್ದರು. ಎರಡನೆಯವರು ಮೂರು ಪುಟ ಉದ್ದಕ್ಕೂ ಸಿಗಿದುಹಾಕಿದ್ದರು. ಅದರ ಮೊದಲ ಸಾಲನ್ನು ಅವಳು ಎರಡೆರಡು ಸಲ ಓದಿದಳು.

'ಏನೂ ಹೇಳದ ಕಂಪನಿಗಳನ್ನು ಲೇಖಕರು ಏಕೆ ಬಿಟ್ಟಿದ್ದಾರೆ?'

ಅವನೇ! ನನ್ನ ಪಕ್ಕದಲ್ಲಿ ಕೂತು ಉಂಡವನೇ, ನನಗೆ ಗೊತ್ತಾಗಲ್ಲ ಅಂತ...

ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕೆಲಸ ಕಾಯಂ ಆಗಲಿಲ್ಲ. ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೊರಟುಹೋದಳು. ಅವನ ಮೂರು ಪತ್ರಗಳನ್ನು ಒಡೆಯದೆ ಹರಿದಳು. ಅವನ ಅಮ್ಮನ ಫೋನು ಬಂದಾಗ ಹೆಸರು ನೋಡಿ ಕಟ್ ಮಾಡಿದಳು.

ಹನ್ನೊಂದು ವರ್ಷ ಕಳೆಯಿತು. ಬಿಟ್ಟ ಕಂಪನಿಗಳನ್ನೂ ಸೇರಿಸಿ ಅದೇ ಲೇಖನವನ್ನು ಹೊಸದಾಗಿ ಬರೆದಳು. ಅದರಿಂದಲೇ ಹೆಸರಾಯಿತು. ನಿರೀಕ್ಷೆಗಳ ಬಗ್ಗೆ ಮಾತಾಡಲು ಎಲ್ಲೆಲ್ಲಿಂದಲೋ ಕರೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಅವಳ ನಿರೀಕ್ಷೆಯಲ್ಲಿ ಯಾರೂ ಇರಲಿಲ್ಲ.

ಆ ವರ್ಷ, ಅಂದು ತಿರಸ್ಕರಿಸಿದ್ದ ಅದೇ ಜರ್ನಲ್‌ಗೆ ಅವಳು ಎಡಿಟರ್ ಆದಳು. ಹಳೆಯ ಕಡತಗಳೆಲ್ಲ ಅವಳ ಕೈಗೆ ಬಂದವು. ತನ್ನ ಲೇಖನದ್ದನ್ನು ತೆರೆಯಬಾರದಿತ್ತು. ತೆರೆದಳು.

ಎರಡನೇ ರಿವ್ಯೂವರ್ ಎಂಬಲ್ಲಿ ಅವನ ಹೆಸರೇ ಇತ್ತು. ಪಕ್ಕದಲ್ಲಿ 'ಓದಲು ನಿರಾಕರಿಸಿದ್ದಾರೆ' ಎಂದಿತ್ತು. ಕೆಳಗೆ ಅವನ ಪತ್ರ.

'ಹೆಸರಿಲ್ಲದಿದ್ದರೂ ಈ ಲೇಖನ ಯಾರದೆಂದು ನನಗೆ ಗೊತ್ತು. ಅವರನ್ನು ಮದುವೆಯಾಗಬೇಕೆಂದಿದ್ದೇನೆ. ಪಕ್ಷಪಾತವಿಲ್ಲದೆ ಓದಲು ನನ್ನಿಂದಾಗದು. ದಯವಿಟ್ಟು ಬೇರೆಯವರಿಗೆ ಕೊಡಿ.'

ಬೇರೆಯವರಿಗೆ ಕೊಟ್ಟಿದ್ದರು. ಅವಳು ಮುಖವನ್ನೂ ನೋಡಿರದ ಒಬ್ಬ ಹಿರಿಯರು. ಆ ಪ್ರಶ್ನೆ ಯಾರಿಗೆ ಬೇಕಾದರೂ ಹೊಳೆಯುವಂಥದ್ದು. ಬೇರೆ ಯಾರೋ ಕೇಳಿರಬಹುದು ಎಂಬುದು ಇಷ್ಟು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ.

ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಮಧ್ಯಾಹ್ನ ಹಳೆಯ ವಿಶ್ವವಿದ್ಯಾಲಯದಲ್ಲಿ ಅವನ ಕೋಣೆಯ ಮುಂದೆ ನಿಂತಿದ್ದಳು. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ನೋಡಿ ಎದ್ದ. ಕುರ್ಚಿಯ ಮೇಲಿದ್ದ ಉತ್ತರಪತ್ರಿಕೆಗಳನ್ನು ಎತ್ತಿ ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಅವಳು ಎಲ್ಲವನ್ನೂ ಹೇಳಿದಳು.

"ಓದಿದ್ದು ನಾನು ಅಂದ್ಕೊಂಡ್ರಾ?" ಕೊನೆಗೆ ಕೇಳಿದ. "ನೀವ್ಯಾಕೆ ಹೋದ್ರಿ ಅಂತ ಇಷ್ಟು ವರ್ಷ ಯೋಚನೆ ಮಾಡಿದೀನಿ. ಇದೊಂದು ಹೊಳೀಲಿಲ್ಲ ನೋಡಿ."

"ಎಡಿಟರ್‌ಗೆ ಬರೆದದ್ದನ್ನ ನನಗ್ಯಾಕೆ ಹೇಳಲಿಲ್ಲ?"

"ಲೇಖನ ಒಪ್ಪಿಗೆ ಆದ ದಿನ ಹೇಳೋಣ ಅಂತಿದ್ದೆ."

ಆ ದಿನ ಬರಲೇ ಇಲ್ಲ. ಅವಳಿಗೆ ತಲೆ ಎತ್ತಲಾಗಲಿಲ್ಲ.

"ಅಮ್ಮ ಹೇಗಿದ್ದಾರೆ?"

"ಹೋಗಿ ಎರಡು ವರ್ಷ ಆಯ್ತು."

ಕಟ್ ಮಾಡಿದ ಆ ಫೋನು... ಅದರಲ್ಲಿ ಅಮ್ಮ ಏನು ಹೇಳಬೇಕೆಂದಿದ್ದರೋ ಇನ್ನು ಯಾರನ್ನು ಕೇಳುವುದು?

"ನನ್ನ ಬಗ್ಗೆ ಏನಾದ್ರೂ ಅಂದ್ರಾ?"

ಅವನು ಕಿಟಕಿಯ ಕಡೆ ನೋಡಿದ. "ಲೆಕ್ಕದ ಹುಡುಗಿ ಬಂದ್ರೆ ಬೈಬೇಡ ಕಣೋ ಅಂದಿದ್ದಳು."

ಅವಳ ಅಳು ಕಟ್ಟೆಯೊಡೆಯಿತು.

"ಬೈರಿ," ಎಂದಳು. "ಅಮ್ಮ ಹೇಳಿದ್ರೂ ಪರವಾಗಿಲ್ಲ. ಬೈರಿ ನನಗೆ."

"ಬೈದ್ರೆ ಮತ್ತೆ ಹೋಗ್ಬಿಡ್ತೀರಿ."

"ಹೋಗಲ್ಲ. ನಿಮ್ಮನ್ನ ಬಿಟ್ಟು ಇರೋಕೆ ನನಗೆ ಬರಲ್ಲ... ಅಷ್ಟು ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು."

ಅವನು ಉತ್ತರಪತ್ರಿಕೆಗಳನ್ನು ನೆಲದ ಮೇಲಿಟ್ಟ. ಖಾಲಿಯಾದ ಕುರ್ಚಿಯನ್ನು ಅವಳ ಕಡೆ ಎಳೆದ. ಅವನ ಕಣ್ಣೂ ತುಂಬಿತ್ತು.

"ಹಾಗಾದ್ರೆ ಕೂತ್ಕೊಳ್ಳಿ," ಎಂದ. "ಬೈಯೋದು ಹನ್ನೊಂದು ವರ್ಷದ್ದಿದೆ. ಒಂದೇ ದಿನಕ್ಕೆ ಮುಗಿಯಲ್ಲ."

"ಮುಗಿಸಬೇಡಿ," ಎಂದಳು ಅವಳು.