ಹನ್ನೊಂದು ಗುಂಡುಸೂಜಿ

"ಆ ಗೋಡೆ ಒಂದು ಬಿಟ್ಟು ಬೇರೆ ಯಾವ್ದಾದ್ರೂ ಹೇಳಿ ಯಜಮಾನ್ರೇ, ಕೆಡವ್ತೀನಿ," ಎಂದು ಗಾರೆಕೆಲಸದ ಜೋಬ್ ಪರ್ಕಿಸ್ ಸುತ್ತಿಗೆಯನ್ನು ನೆಲಕ್ಕಿಟ್ಟುಬಿಟ್ಟ.

ಆಂಬ್ರೋಸ್ ಟಿಲ್ಯಾರ್ಡ್ ನಕ್ಕ. ಲಂಡನ್ನಿನಿಂದ ಸಾಮರ್‌ಸೆಟ್ಟಿನ ಈ ಸಂತೆಪೇಟೆಗೆ ಬಟ್ಟೆ ವ್ಯಾಪಾರಕ್ಕೆಂದು ಬಂದು ಇನ್ನೂ ತಿಂಗಳಾಗಿರಲಿಲ್ಲ. ಕೊಂಡ ಮನೆಯಲ್ಲಿ ಕೆಳಗೆ ಬೀದಿಗೆ ಮುಖವಾಗಿ ಎರಡು ಅಂಗಡಿ, ಮೇಲೆ ವಾಸಕ್ಕೆ ಮೂರು ಅಂತಸ್ತು. ಎರಡು ಅಂಗಡಿಗಳ ನಡುಗೋಡೆಯೊಳಗೇ ಹೊಗೆಗೂಡು ಏರಿತ್ತು. ಆ ಗೋಡೆ ತೆಗೆಸಿ, ಮುಂಭಾಗಕ್ಕೆಲ್ಲ ಒಂದೇ ಗಾಜು ಹಾಕಿಸಬೇಕೆಂಬುದು ಅವನ ಆಸೆ.

"ಬೀಳತ್ತೆ ಅಂತ ಭಯಾನಾ? ಕಬ್ಬಿಣದ ಕಂಬ ತರ್ಸಿದೀನಲ್ಲಯ್ಯ!"

"ಕಂಬ ಇಟ್ಟಿಗೆ ಹೊರತ್ತೆ, ಶಾಪ ಹೊರತ್ತಾ? ಈ ಮನೆ ಕಟ್ಟೋವಾಗ ಒಬ್ಬಳ ಮಗ ಗೋಡೆ ಅಡಿ ಸಿಕ್ಕಿ ಸತ್ತ. 'ಒಳಗಿರೋರ ತಲೆ ಮೇಲೇ ಇದು ಬೀಳ್ಲಿ' ಅಂತ ಅವ್ಳು ಮಣ್ಣು ತೂರಿದ್ಲು. ಆಮೇಲೆ ಮಾಟ ಮಂತ್ರ ಬಲ್ಲ ಮುದುಕಿ ಒಬ್ಳು ಹೋರಿ ಹೃದಯಕ್ಕೆ ಹನ್ನೊಂದು ಗುಂಡುಸೂಜಿ ಚುಚ್ಚಿ, ಹೊಗೆಗೂಡಲ್ಲಿ ತೂಗುಹಾಕಿ ಶಾಪಕ್ಕೆ ಕಟ್ಟು ಮಾಡಿದ್ಲು. ಸೂಜಿ ಹೃದಯದಲ್ಲಿರೋ ತನಕ ಮನೆ ನಿಲ್ಲತ್ತೆ."

"ಸರಿ, ಆ ಅಜ್ಜಿ ಹೊಲಿಗೆ ಹೇಗಿದೆ ನೋಡೇಬಿಡೋಣ."

ಆಂಬ್ರೋಸ್ ಆ ಗೋಡೆಯ ಬುಡದಲ್ಲಿ ತಣ್ಣಗಿದ್ದ ಒಲೆಯೊಳಕ್ಕೆ ಬಾಗಿ ಹೊಗೆಗೂಡಿಗೆ ಕೈ ಚಾಚಿದ. ಮಸಿ ಸುರಿಯಿತು. ಕೈಗೆ ಸಿಕ್ಕಿದ್ದು ಒಣಗಿ ಕೊರಡಾದ ಕಪ್ಪು ಮುದ್ದೆ; ಕಮಟು ಕೊಬ್ಬಿನ ನಾತ ಮೂಗಿಗೆ ಬಡಿಯಿತು. ಸೂಜಿಗಳು ಮಾತ್ರ ಈಗ ತಾನೇ ಡಬ್ಬಿಯಿಂದ ತೆಗೆದಂತೆ ಹೊಳೆಯುತ್ತಿದ್ದವು. ಬಟ್ಟೆ ವ್ಯಾಪಾರಿಗೆ ಒಳ್ಳೆಯ ಸೂಜಿ ಬಿಸಾಡಲು ಮನಸ್ಸು ಬರುತ್ತದೆಯೇ? ಒಂದೊಂದನ್ನೇ ಕಿತ್ತು ಕೋಟಿನ ಅಂಚಿಗೆ ಸಿಕ್ಕಿಸಿಕೊಂಡ. ಕಿತ್ತಾಗಲೆಲ್ಲ ಮೇಲೆಲ್ಲೋ ಟಕ್ಕೆಂದಿತು. ಜೋಬ್ ಟೋಪಿ ತೆಗೆದು ಪ್ರಾರ್ಥನೆಗೆ ತೊಡಗಿದ. ದೇವರು ಮನುಷ್ಯನಿಗೆ ಕಿವಿ ಕೊಟ್ಟದ್ದು ಇಂಥ ಗಳಿಗೆಗೆಂದೇ. ಆದರೆ ಆಂಬ್ರೋಸನಿಗೆ ಕೇಳಿಸಿದ್ದು ತನ್ನ ನಗು ಮಾತ್ರ. ಬರಿದಾದ ಹೃದಯವನ್ನು ಮೂಲೆಯಲ್ಲಿ ಉರಿಯುತ್ತಿದ್ದ ಕಬ್ಬಿಣದ ಒಲೆಗೆ ಎಸೆದ.

ಮನೆ ನರಳಿತು.

ಅಂಗಡಿಯ ಗಾಜುಗಳು ಸಿಡಿದು ಬೀದಿಗೆ ಚೆಲ್ಲಿದವು. ಗೋಡೆ ನೆತ್ತಿಯಿಂದ ಬುಡದವರೆಗೆ ಬಾಯಿಬಿಟ್ಟಿತು. ಮೂರನೆಯ ಅಂತಸ್ತಿನಿಂದ ಹೆಂಡತಿ ಹೆಸ್ಟರಳ ಚೀತ್ಕಾರ ಕೇಳಿತು.

"ರೀ! ಮೆಟ್ಟಿಲು ಕುಸೀತಿದೆ!"

"ಸೂಜಿ ಚುಚ್ಚಿ ಯಜಮಾನ್ರೇ! ವಾಪಸ್ ಚುಚ್ಚಿ!"

"ಯಾವುದಕ್ಕಯ್ಯ ಚುಚ್ಚಲಿ?" ಆಂಬ್ರೋಸ್ ಒಲೆಗೆ ಕೈ ಹಾಕಿದ. ಅಂಗೈ ಚುರ್ರೆಂದು ಬೆಂದಿತು. ಸಿಕ್ಕಿದ್ದು ಬರೀ ಬೂದಿ.

"ಹೃದಯಕ್ಕೆ! ಯಾವ್ದಾದ್ರೂ..." ಎನ್ನುವಷ್ಟರಲ್ಲಿ ಇಟ್ಟಿಗೆಯೊಂದು ಜೋಬ್‌ನ ದವಡೆಗೆ ಅಪ್ಪಳಿಸಿತು. ಹಲ್ಲು, ರಕ್ತ, ಮಾತು ಎಲ್ಲ ಒಟ್ಟಿಗೇ ನೆಲಕ್ಕೆ ಬಿದ್ದವು.

ಆಂಬ್ರೋಸ್ ಅಂಗಿ ಹರಿದುಕೊಂಡ. ಎಡ ಎದೆಗೆ ಒಂದು ಸೂಜಿಯಿಟ್ಟು ಒತ್ತಿದ. ಒಳಗಿನಿಂದ ಯಾರೋ ಎಳೆದುಕೊಂಡಂತೆ ಅದು ಗುಂಡುತಲೆಯವರೆಗೂ ಇಳಿಯಿತು. ಮೇಲೆ ಜಾರುತ್ತಿದ್ದ ತೊಲೆಯೊಂದು ನಿಂತಿತು. ಎರಡು. ಮೂರು. ನೆಲಕ್ಕುರುಳಿದ. ಐದು. ಬಾಯಲ್ಲಿ ರಕ್ತದ ರುಚಿ. ಎಂಟು. ಹೆಸ್ಟರಳ ಹೆಜ್ಜೆ ಹತ್ತಿರವಾಯಿತು. ಹತ್ತು. ಅವಳು ಇಳಿದಳು. ಬಾಗಿಲಿಗೆ ಓಡಿದಳು. ಅಂಗಡಿಯ ಮುಂಭಾಗವನ್ನೆಲ್ಲ ಹೊತ್ತಿದ್ದ ದಪ್ಪ ತೊಲೆ ಅವಳ ಮೇಲೆ ಜಾರಿತು.

ಹನ್ನೊಂದು.

ತೊಲೆ ಅವಳ ಕೂದಲಿಗೆ ಒಂದು ಗೇಣು ಮೇಲೆ ನಿಂತಿತು. ಬೆಳಗಿನ ಬೀದಿ ಎರಡೇ ಹೆಜ್ಜೆ. ಹೋಗು, ಎನ್ನಲು ಆಂಬ್ರೋಸನಿಗೆ ನಾಲಿಗೆ ಏಳಲಿಲ್ಲ.

ಹೆಸ್ಟರ್ ತಿರುಗಿ ನೋಡಿದಳು. ಗಂಡನ ಬಳಿಗೆ ಓಡಿ ಬಂದಳು. ಅವನ ತಲೆಯನ್ನು ಮಡಿಲಿಗೆ ತೆಗೆದುಕೊಂಡಳು.

"ಅಯ್ಯೋ, ಇದೇನ್ರೀ ಚುಚ್ಕೊಂಡಿದೆ ನಿಮ್ಗೆ! ತಾಳಿ, ತಾಳಿ..."

ಆಂಬ್ರೋಸ್ ಬೇಡವೆಂದು ತಲೆಯಾಡಿಸಿದ. ನೋವಿಗೆ ಎಂದುಕೊಂಡಳು. ಒಡೆದ ದವಡೆಯ ಜೋಬ್ ಗೊರಗೊರ ಎನ್ನುತ್ತ ಅವಳತ್ತ ತೆವಳಿದ. ಅವಳು ಅತ್ತ ನೋಡಲಿಲ್ಲ. ಮೊದಲ ಸೂಜಿಯ ತಲೆಯಡಿಗೆ ಮೆಲ್ಲಗೆ ಉಗುರು ಕೊಟ್ಟಳು.

ಎಳೆದಳು.