ಬಾವುಟ ಏರುವ ಹೊತ್ತಿಗೆ

“ನೀವಾ...?”

ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಬಂದ ಸಂಘಮಿತ್ರ ಎರಡು ಹೆಜ್ಜೆ ಹಿಂದೆ ಸರಿದಳು. ದಂಡಿನ ಮುಖಂಡನ ವೇಷದಲ್ಲಿ ನಿಂತಿದ್ದವನು ಚೇತನ್‌ಕುಮಾರ್! ಒಂದು ವರ್ಷದಿಂದ ಯಾರ ಫೋನನ್ನು ಅವಳು ಎತ್ತಿರಲಿಲ್ಲವೋ, ಅವನೇ!

ಭೇರ್ಯದ ಶಾಲೆ ಮೈದಾನದಲ್ಲಿ ಸ್ವಾತಂತ್ರ್ಯ ದಿನದ ನಾಟಕ. ಸುಳ್ಯದ ಕಡೆಯ ರೈತರ ದಂಡು ಕಂಪನಿ ಸರ್ಕಾರದವರನ್ನು ಓಡಿಸಿ ಮಂಗಳೂರಿನಲ್ಲಿ ಬಾವುಟ ಏರಿಸಿದ ಕಥೆ. ಗಂಡು ಪಾತ್ರಗಳಿಗೆ ಊರವರು, ಹೆಣ್ಣು ಪಾತ್ರಕ್ಕೆ ಎಚ್.ಡಿ. ಕೋಟೆಯಿಂದ ಅವತ್ತಷ್ಟೇ ಕರೆಸಿದ ಕಲಾವಿದೆ ಸಂಘಮಿತ್ರ.

“ಸೋದರಮಾವನ ಊರು ಅಂತ ಪಾತ್ರ ಇಸ್ಕಂಡೆ. ನಾಟಕದ ಮೇಷ್ಟ್ರಿಗೆ ಹೇಳಿ ನಿನ್ನ ಕರೆಸ್ದೆ. ಯಾಕೆ ದೂರ ಆದೆ ಅಂತಾದ್ರೂ ಹೇಳು ಕಣೆ!”

“ಗೊತ್ತಿಲ್ವಾ? ಅವತ್ತು ನಿಮ್ಮನೇಲಿ ನಿಮ್ಮವ್ವ ಮಡ್ಲಕ್ಕಿ ಕಟ್ಟಿ, ‘ನೀನು ಈ ಮನೆ ಮಗಳು ಕಣವ್ವ, ಹೋಗ್ಬಾ’ ಅಂದ್ರು. ಹಂಗಾದ್ರೆ ನಿಮ್ಗೆ ನಾನೇನಾದೆ? ತಂಗಿ! ನಮ್ ವಿಷ್ಯ ಹೇಳ್ದೆ ನೀವು ನಗ್ತಾ ನಿಂತಿದ್ರಿ...”

ಚೇತನ್ ಮುಖ ಬಿಳಿಚಿಕೊಂಡಿತು.

“ಅವ್ವ ನಿನ್ನ ಒಪ್ಕಂಡ್ಳು ಅಂತ ನಕ್ಕೆ ಕಣೆ! ಸೊಸೆಗೇ ಕಟ್ತಾವಳೆ ಅನ್ಕಂಡೆ...”

ಅಯ್ಯೋ ದಡ್ಡ! ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ವರ್ಷವಿಡೀ ದಿಂಬು ನೆನೆಸಿದ್ದು ಇಷ್ಟಕ್ಕೇನಾ?

“ಅವ್ವ ಮುಂದ್ಗಡೆನೇ ಕೂತವಳೆ. ಈಗ್ಲೇ ಹೇಳ್ತೀನಿ, ಬಾ!”

“ಬ್ಯಾಡಿ... ಕೆ.ಆರ್. ನಗರದ ರಘು ಅವ್ರ ಜೊತೆ ನಂಗೆ ನಿಶ್ಚಯ ಆಗದೆ. ಒಳ್ಳೆಯವ್ರು. ನಾನೇ ಒಪ್ಕೊಂಡಿದೀನಿ.”

ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಟಕ ಶುರುವಾಯಿತು.

ಕೊನೆಯ ದೃಶ್ಯ. ಆರತಿ ತಟ್ಟೆ ಹಿಡಿದು ಅವಳು ಕೇಳಿದಳು, “ಗೆದ್ದು ಬಂದಿರಾ, ಸ್ವಾಮಿ?”

“ಗೆದ್ದೆವು!” ಎಂದು ಅವನು ಕೂಗಬೇಕು, ಬಾವುಟ ಏರಬೇಕು. ಅವನು ಕೂಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ತಾಯಿ ಚಿಕ್ಕಸಿದ್ದಮ್ಮನನ್ನೇ ನೋಡಿದ.

“ಅವ್ವಾ... ಇವ್ಳು ನಿನ್ನ ಮಗಳಲ್ಲ ಕಣವ್ವ. ನಾನು ಪ್ರೀತಿ ಮಾಡಿದ ಸಂಘಮಿತ್ರ. ನಾನು ಸೋತೋದೆ...”

ಜನ ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಸಿದ್ದಮ್ಮ ತಲೆ ತಗ್ಗಿಸಿದರು. “ಲೇ, ಗೆದ್ದೆವು ಅನ್ನೋ!” ಮರೆಯಿಂದ ಮೇಷ್ಟ್ರು ಚಡಪಡಿಸಿದರು.

ತಾಯಿಯ ಎದುರು ಅವನಾಡಿದ ಆ ಒಂದು ಮಾತಿಗಾಗಿ ಅವಳು ಎಷ್ಟು ಹಂಬಲಿಸಿದ್ದಳು! ಈಗ ಅದನ್ನು ಇಟ್ಟುಕೊಳ್ಳಲೂ ಜಾಗವಿಲ್ಲ. ಅವಳು ಹತ್ತಿರ ಬಂದು ಪಿಸುಗುಟ್ಟಿದಳು.

“ಗೆದ್ವಿ ಅನ್ನಿ... ಜನ ಕಾಯ್ತಾವ್ರೆ.”

“ನೀನು ಕಾಯ್ಲಿಲ್ವಲ್ಲ...”

“ಕಾದಿದ್ದೆ ಚೇತನ್. ಫೋನ್ ಎತ್ತದಿದ್ರೆ ಮನೇವರ್ಗೂ ಬತ್ತೀರಾ ಅಂತ... ತುಂಬಾ ಕಾದಿದ್ದೆ.”

ಅವನು ಕಣ್ಣೊರೆಸಿಕೊಂಡ. ಜನರತ್ತ ತಿರುಗಿದ. ಮೈದಾನದ ತುದಿಗೆ ಕೇಳುವಂತೆ ಕೂಗಿದ.

“ಗೆದ್ದೆವು!”