ಹೊಗೆಯಲ್ಲಿ ಈಜಿ ಬಂದ ಹಿಂಡು

ಎಪ್ಪತ್ನಾಲ್ಕರ ಚಳಿಗಾಲ. ತಾತ ಕಾಟಯ್ಯ ಸತ್ತ ಮೇಲೆ ಅವನ ಕುರಿಗಳನ್ನು ನಾನೇ ಕಾಯುತ್ತಿದ್ದೆ. ಒಂದು ಸಂಜೆ ಹರಿಯಬ್ಬೆ ಬಯಲಲ್ಲಿ ತೋಳಕ್ಕೆ ಬೆದರಿ ಇಡೀ ಹಿಂಡು ಓಡಿಹೋಯಿತು.

“ಇಸ್ಕೂಲೂ ಬಿಟ್ಟೆ, ಈಗ ಕುರೀನೂ ಬಿಟ್ಟೇನಲೇ?” ಎಂದ ಚಿಕ್ಕಪ್ಪ ಎತ್ತಪ್ಪ. ರಾತ್ರಿಯೆಲ್ಲ ಇಬ್ಬರೂ ಹುಡುಕಿದೆವು, ಒಂದು ಕುರಿಯೂ ಸಿಗಲಿಲ್ಲ.

ನಸುಕಿನಲ್ಲಿ ಚಳಿ ಕಾಯಿಸಲು ಬೆಂಕಿ ಹಾಕಿದೆವು. ಗಾಳಿಯ ಸುಳಿವಿಲ್ಲ. ಹೊಗೆ ಮೇಲೇಳದೆ ತೊಡೆಯೆತ್ತರಕ್ಕೆ ಹಾಸಿಕೊಂಡು, ಕೆರೆಯ ನೀರಿನಂತೆ ಅಲೆಯಲೆಯಾಗಿ ತೂಗತೊಡಗಿತು. ಅಲೆ ಎದ್ದಾಗ ನೆಲದ ಕೊರೆಯುವ ಚಳಿ, ಇಳಿದಾಗ ಮೇಲಿನ ಬೆಚ್ಚನೆ ಹವೆ. ಪ್ರತಿ ಅಲೆಯ ಜೊತೆಗೂ ದೂರದಿಂದ ಒಂದು ಸಿಳ್ಳೆ.

“ಚಿಕ್ಕಪ್ಪ, ತಾತನ ಸಿಳ್ಳೆ!”

“ಸುಮ್ಕಿರಲೇ! ಬರ್ತಾ ಅವೆ ನೋಡು!”

ತಲೆಗಳಷ್ಟೇ ಕಾಣುತ್ತಾ, ಹಿಂಡು ಹೊಗೆಯಲ್ಲಿ ಈಜಿಕೊಂಡು ಬಂತು. ಚಿಕ್ಕಪ್ಪ ಕಂಬಳಿ ಎಸೆದು ಕುಣಿದ. ನಾನು ನಗುತ್ತಾ ಮುಂದಿನ ಟಗರನ್ನು ತಬ್ಬಿಕೊಂಡೆ. ಇಬ್ಬನಿಗೆ ಅದರ ಮೈಯೆಲ್ಲ ತೊಯ್ದಿತ್ತು. ಬೆನ್ನ ಮೇಲೆ ತಾತ ಕೈಯಿಡುತ್ತಿದ್ದ ಜಾಗ ಮಾತ್ರ ಅಂಗೈಯಗಲ ಒಣಗಿ, ಬಿಸಿಯಾಗಿತ್ತು.